ಸಹಾಯ ಬೇಕು: ಅಮ್ಮಂಗೆ ನಿಲ್ಲದ ಭೇದಿ, ಕೊಲೊನೋಸ್ಕೋಪಿ ನಾರ್ಮಲ್, ಆದ್ರೆ ಬಯಾಪ್ಸಿ ತಗೊಂಡಿಲ್ಲ

ಎಲ್ರಿಗೂ ನಮಸ್ಕಾರ, ನಾವಿರೋದು ಬನಶಂಕರಿ ಹತ್ರ. ಅಮ್ಮಂಗೆ ಅರವತ್ತು ದಾಟಿದೆ, ತಿಂಗಳುಗಟ್ಟಲೆಯಿಂದ ನೀರು ನೀರಾಗಿ ಭೇದಿ, ರಕ್ತ ಇಲ್ಲ, ರಾತ್ರಿ ನಿದ್ದೆಯಿಂದ ಎದ್ದು ಓಡ್ತಾರೆ, ತೂಕಾನೂ ಇಳಿದಿದೆ. ಬಸ್ ಹತ್ತಲ್ಲ, ಮದುವೆಗೆ ಹೋದ್ರೂ ಬ್ಯಾಗಲ್ಲಿ ಇನ್ನೊಂದು ಸೀರೆ ಇರ್ಲೇಬೇಕು.

ಸ್ಟೂಲ್ ಟೆಸ್ಟ್, ಥೈರಾಯ್ಡ್, ಸೀಲಿಯಾಕ್ (ಗೋಧಿ ಒಗ್ಗದಿರೋ ಕಾಯಿಲೆ) ಟೆಸ್ಟ್ ಎಲ್ಲಾ ಸರಿ ಇದೆ. ಹಾಲು ಬಿಡಿಸಿದ್ವಿ, ದಾಳಿಂಬೆ ಸಿಪ್ಪೆ ಕಷಾಯನೂ ಆಯ್ತು. ಕೊಲೊನೋಸ್ಕೋಪಿ ಮಾಡಿ, ಅಂದ್ರೆ ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡಿ, ಕರುಳು ಚೆನ್ನಾಗಿದೆ, ಐಬಿಎಸ್ (ಊತ, ಗಾಯ ಏನೂ ಕಾಣದೇ ಇದ್ರೂ ಹೊಟ್ಟೆ ಕೆಡೋ ತೊಂದರೆ) ಅಷ್ಟೇ, ಟೆನ್ಷನ್ ಮಾಡ್ಕೋಬೇಡಿ ಅಂದ್ರು. ಇನ್ನೊಬ್ಬ ಡಾಕ್ಟರ್ ರಿಪೋರ್ಟ್ ನೋಡಿ, ಐಬಿಎಸ್ ಆದ್ರೆ ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸಲ್ಲ, ಇದು ಮೈಕ್ರೋಸ್ಕೋಪಿಕ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದ ಉರಿಯೂತ) ಇರಬಹುದು, ಈ ವಯಸ್ಸಿನ ಹೆಂಗಸರಲ್ಲೇ ಜಾಸ್ತಿ, ಕ್ಯಾಮೆರಾಗೆ ಕಾಣಲ್ಲ, ಕರುಳಿನ ಬೇರೆ ಬೇರೆ ಕಡೆಯಿಂದ ಚೂರು ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೇನೇ ಗೊತ್ತಾಗೋದು ಅಂದ್ರು. ಹೊರದೇಶಗಳಲ್ಲಿ ಹೀಗೆ ಚೂರು ತೆಗೆಯೋದು, ಅಂದ್ರೆ ಬಯಾಪ್ಸಿ, ಹೆಚ್ಚಾದ್ಮೇಲೆ ಪತ್ತೆಯಾಗೋದೂ ಹೆಚ್ಚಾಯ್ತಂತೆ. ಇಲ್ಲಿ ಒಂದು ಚೂರೂ ತೆಗೆದಿಲ್ವಲ್ಲ, ಅದಕ್ಕೇ ಹೊಟ್ಟೆ ಉರಿಯೋದು.

ಈಗ ಗೊಂದಲ ಏನಂದ್ರೆ, ಅಮ್ಮ ಮಂಡಿನೋವಿಗೆ ಡೈಕ್ಲೋಫೆನಾಕ್, ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್ ತುಂಬಾ ದಿನದಿಂದ ತಗೊಳ್ತಾರೆ, ಈ ಥರ ಮಾತ್ರೆಗಳಿಗೂ ಈ ಕಾಯಿಲೆಗೂ ನಂಟಿದೆಯಂತೆ, ಆದ್ರೆ ಮೂಳೆ ಡಾಕ್ಟರ್ ನಿಲ್ಲಿಸ್ಬೇಡಿ ಅಂತಾರೆ. ಈ ಕಾಯಿಲೆಗೆ ಬ್ಯುಡೆಸೊನೈಡ್ ಅಂತ ಸ್ಟೀರಾಯ್ಡ್ ಕ್ಯಾಪ್ಸೂಲ್ ಇದೆ, ಬಯಾಪ್ಸಿ ಇಲ್ದೆ ಶುರು ಮಾಡಕ್ಕೆ ಯಾರೂ ಒಪ್ತಿಲ್ಲ. ಬಯಾಪ್ಸಿಗೆ ಮತ್ತೆ ಕೊಲೊನೋಸ್ಕೋಪಿ ಅಂದ್ರೆ, ಅಮ್ಮ ಕರುಳು ಖಾಲಿ ಮಾಡೋಕೆ ಕೊಡೋ ಆ ಭೇದಿ ಪೌಡರ್ ಲೀಟರ್‌ಗಟ್ಟಲೆ ಮತ್ತೆ ಕುಡಿಯಲ್ಲ ಅಂತ ಹಟ ಹಿಡಿದಿದಾರೆ.

ನಿಮ್ಮನೇಲಿ ಯಾರಿಗಾದ್ರೂ ಹೀಗಾಗಿದ್ರೆ ಹೇಳಿ: ಪೂರ್ತಿ ಕೊಲೊನೋಸ್ಕೋಪಿ ಮತ್ತೆ ಮಾಡಿಸಿದ್ರಾ, ಇಲ್ಲಾ ಮೊದಲು ಮಾತ್ರೆ ಬದಲಾಯಿಸಿ ನೋಡಿದ್ರಾ? ಬೆಂಗಳೂರಲ್ಲಿ ಈ ಕಾಯಿಲೆ ನೋಡಿ ಅನುಭವ ಇರೋ ಗ್ಯಾಸ್ಟ್ರೋ ಡಾಕ್ಟರ್ ಯಾರಿದಾರೆ?