‘ಆತ್ಮಶೋಧನೆ’ ಸಾಕೇ? ದಿನದ ಕೊನೆಯ ಪ್ರಾರ್ಥನೆಗೆ ಒಂದು ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಚರ್ಚಿನ ಯುವಕರಿಗಾಗಿ ರಾತ್ರಿ ಪ್ರಾರ್ಥನೆಯ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಲೊಯೋಲಾದ ಸಂತ ಇಗ್ನೇಷಿಯಸ್ ಕಲಿಸಿದ ‘ಎಗ್ಸಾಮೆನ್’, ಅಂದರೆ ಕಳೆದ ದಿನವನ್ನು ದೇವರ ಮುಂದೆ ತಿರುಗಿ ನೋಡುವ ಪ್ರಾರ್ಥನೆ, ಅದರ ತಿರುಳು. ಇದಕ್ಕೆ ಕನ್ನಡದಲ್ಲಿ ‘ಆತ್ಮಶೋಧನೆ’ ಅಂತ ಬರೆಯುವವರಿದ್ದಾರೆ. ಆ ಪದ ನನಗೆ ಒಗ್ಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ನಿಮ್ಮ ಅಭಿಪ್ರಾಯ ತಿಳಿಸಿ.

ಮೊದಲು ಆಚರಣೆಯ ಬಗ್ಗೆ ಎರಡು ಮಾತು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಇಗ್ನೇಷಿಯಸರ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಆಗ ತಮ್ಮ ಮನಸ್ಸಿನ ಏರಿಳಿತವನ್ನು ಗಮನಿಸತೊಡಗಿದರು. ಕೆಲವು ಯೋಚನೆಗಳು ಹೋದ ಮೇಲೆ ಮನಸ್ಸು ಬರಿದಾಗುತ್ತಿತ್ತು. ಕೆಲವು ಹೋದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಆಮೇಲೆ ಅವರು ಬರೆದ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕಕ್ಕೆ 1548ರಲ್ಲಿ ಪೋಪ್ ಮೂರನೇ ಪೌಲ್ ಒಪ್ಪಿಗೆ ಕೊಟ್ಟರು. ದಿನವನ್ನು ತಿರುಗಿ ನೋಡುವ ಐದು ಹೆಜ್ಜೆಗಳು ಅದರಲ್ಲಿವೆ. ಮೊದಲನೆಯದು, ಸಿಕ್ಕಿದ ಒಳಿತಿಗೆಲ್ಲ ದೇವರಿಗೆ ಕೃತಜ್ಞತೆ ಹೇಳುವುದು. ಎರಡನೆಯದು, ನನ್ನ ತಪ್ಪು ನನಗೆ ಕಾಣಲಿ ಅಂತ ಬೇಡುವುದು. ಆಮೇಲೆ ಬೆಳಿಗ್ಗೆ ಎದ್ದಾಗಿನಿಂದ ಈ ಹೊತ್ತಿನವರೆಗೆ ಲೆಕ್ಕ ಕೇಳಿಕೊಳ್ಳುವುದು. ಮೊದಲು ಯೋಚನೆಯದ್ದು, ನಂತರ ಮಾತಿನದ್ದು, ಕೊನೆಗೆ ಕೆಲಸದ್ದು. ಉಳಿದೆರಡು, ಕ್ಷಮೆ ಕೇಳುವುದು ಮತ್ತು ತಿದ್ದಿಕೊಳ್ಳುವ ನಿರ್ಧಾರ ಮಾಡುವುದು.

ಈಗ ಪದಕ್ಕೆ ಬರೋಣ. ಕನ್ನಡ ಬೈಬಲ್ ಓದಿ ಬೆಳೆದವರ ಕಿವಿಗೆ ‘ಶೋಧನೆ’ ಅಂದರೆ ಹುಡುಕುವುದಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನಮ್ಮನ್ನು ಶೋಧನೆಯೊಳಗೆ ಸೇರಿಸದೆ’ ಅಂತ ಬರುತ್ತದೆ. ಅಡವಿಯಲ್ಲಿ ಸೈತಾನ ಯೇಸುವಿಗೆ ಒಡ್ಡಿದ್ದೂ ಶೋಧನೆಯೇ. ಪಾಪಕ್ಕೆ ಸೆಳೆಯುವ ಪ್ರಲೋಭನೆ ಅನ್ನುವ ಅರ್ಥ ಅದಕ್ಕೆ ಅಂಟಿಕೊಂಡಿದೆ. ಶೋಧನೆ ಬೇಡ ಅಂತ ದಿನಾ ಬೇಡುವ ಹುಡುಗನಿಗೆ, ರಾತ್ರಿ ಕೂತು ಆತ್ಮಶೋಧನೆ ಮಾಡು ಅಂದರೆ ಗೊಂದಲ ಆಗುವುದಿಲ್ಲವೇ?

‘ಆತ್ಮ’ದ ತೊಡಕು ಇನ್ನೂ ದೊಡ್ಡದು. ನನ್ನನ್ನು ನಾನೇ ಒಬ್ಬಂಟಿಯಾಗಿ ಬಗೆದು ನೋಡಬೇಕು ಅನ್ನುವ ಧ್ವನಿ ಅದರಲ್ಲಿದೆ. ಇಗ್ನೇಷಿಯಸರ ಎರಡನೆಯ ಹೆಜ್ಜೆ ಇರುವುದೇ ಅದನ್ನು ತಡೆಯಲಿಕ್ಕೆ. ಬೈಬಲಿನ 139ನೇ ಕೀರ್ತನೆಯಲ್ಲೂ ಹಾಗೇ, ನನ್ನ ಹೃದಯವನ್ನು ನೀನೇ ನೋಡು ಅಂತ ಕವಿ ದೇವರನ್ನು ಕೇಳುತ್ತಾನೆ. ನೋಡುವವರು ಇಬ್ಬರು. ನನಗೆ ಇದು ಈ ಪ್ರಾರ್ಥನೆಯ ಜೀವ. ಇದು ತಪ್ಪಿಹೋದರೆ ಉಳಿಯುವುದು ತನ್ನನ್ನು ತಾನು ಹಳಿದುಕೊಳ್ಳುವ ಚಟ. ಭಕ್ತಿ ಜಾಸ್ತಿ ಇರುವ ಎಳೆಯರು ಅದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ಹಾಗಾಗಿ ಪದದ ಆಯ್ಕೆ ಸಣ್ಣ ವಿಷಯ ಅಂತ ನನಗೆ ಅನಿಸುವುದಿಲ್ಲ.

‘ಆತ್ಮಾವಲೋಕನ’ ಚುನಾವಣೆ ಸೋತ ಪಕ್ಷಗಳ ಸಭೆಗೆ ಹೋಗಿಬಿಟ್ಟಿದೆ. ‘ಮನಸ್ಸಾಕ್ಷಿಯ ಪರೀಕ್ಷೆ’ ಮೂಲಕ್ಕೆ ಹತ್ತಿರ, ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಯ ಮುಂಚೆ ಮಾಡುವುದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಇಗ್ನೇಷಿಯಸರು ಬರೆದ ಸ್ಪ್ಯಾನಿಷ್‌ನಲ್ಲಿ ಮನಸ್ಸಾಕ್ಷಿಗೂ ಅರಿವಿಗೂ ಒಂದೇ ಪದ, ಕೊನ್ಸಿಯೆನ್ಸಿಯಾ. ನಮ್ಮಲ್ಲಿ ಅವು ಬೇರೆ ಬೇರೆ. 1972ರಲ್ಲಿ ಅಮೆರಿಕದ ಜೆಸ್ವಿಟ್ (ಇಗ್ನೇಷಿಯಸರು ಕಟ್ಟಿದ ಯೇಸುಸಭೆಯ) ಪಾದ್ರಿ ಜಾರ್ಜ್ ಆಶೆನ್‌ಬ್ರೆನರ್ ಒಂದು ಲೇಖನ ಬರೆದು, ಈ ಪ್ರಾರ್ಥನೆಯನ್ನು ಅರಿವಿನ ಕಡೆಗೆ ತಿರುಗಿಸಿದರು. ತಪ್ಪುಗಳ ಪಟ್ಟಿಗಿಂತ ಮೊದಲು, ಇವತ್ತು ದೇವರು ನನ್ನನ್ನು ಎಲ್ಲಿ ಸೆಳೆದರು, ನಾನು ಹೇಗೆ ಓಗೊಟ್ಟೆ ಅಂತ ನೋಡಬೇಕು ಅನ್ನುವುದು ಅವರ ವಾದ. ಇವತ್ತು ಧ್ಯಾನಕೂಟಗಳಲ್ಲಿ ಹೇಳಿಕೊಡುವುದೂ ಹೆಚ್ಚಾಗಿ ಹೀಗೆಯೇ.

ಸದ್ಯಕ್ಕೆ ನಾನು ‘ದಿನದ ಮರುನೋಟ’ ಅಂತ ಬರೆದುಕೊಂಡಿದ್ದೇನೆ. ಕೃತಜ್ಞತೆಗೂ ಪಶ್ಚಾತ್ತಾಪಕ್ಕೂ ಅದರಲ್ಲಿ ಜಾಗ ಇದೆ. ದೇವರ ಮುಂದೆ ಅನ್ನುವ ಭಾವ ಮಾತ್ರ ಬರುತ್ತಿಲ್ಲ. ‘ಲೆಕ್ಕ ಒಪ್ಪಿಸುವುದು’ ಅಂದರೆ ಒಪ್ಪಿಸಿಕೊಳ್ಳುವವರೊಬ್ಬರು ಇದ್ದಾರೆ ಅಂತ ತಾನಾಗಿಯೇ ತಿಳಿಯುತ್ತದೆ, ಅಲ್ವಾ? ಆದರೆ ಅದರಲ್ಲಿ ಭಯ ಜಾಸ್ತಿ, ಪ್ರೀತಿ ಕಡಿಮೆ.

ಇನ್ನೊಂದು ಪ್ರಶ್ನೆಯೂ ಇದೆ. ಲ್ಯಾಟಿನ್‌ನಲ್ಲಿ ‘ಮೆಡಿಟಾಸಿಯೊ’, ‘ಕಾಂಟೆಂಪ್ಲಾಸಿಯೊ’ ಎರಡು ಬೇರೆ. ನಾವು ಎರಡಕ್ಕೂ ‘ಧ್ಯಾನ’ ಅಂದುಬಿಡುತ್ತೇವೆ. 12ನೇ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೇ ಗೀಗೊ ಇವನ್ನು ಊಟದ ಮಾತಿನಲ್ಲೇ ಬಿಡಿಸಿ ಹೇಳಿದ್ದಾರೆ. ಬೈಬಲಿನ ವಾಕ್ಯವನ್ನು ಓದುವುದು ತುತ್ತನ್ನು ಬಾಯಿಗಿಡುವುದು, ಮೆಡಿಟಾಸಿಯೊ ಅದನ್ನು ಅಗಿಯುವುದು, ಪ್ರಾರ್ಥನೆ ಅದರ ರುಚಿ ಪಡೆಯುವುದು, ಕಾಂಟೆಂಪ್ಲಾಸಿಯೊ ಆ ಸವಿಯೇ. ಹಳೆಯ ಮಠಗಳ ಸನ್ಯಾಸಿಗಳು ವಾಕ್ಯವನ್ನು ಮೆಲುಕು ಹಾಕುವುದು ಅಂತಲೇ ಹೇಳುತ್ತಿದ್ದರು. ಹಾಗಾದರೆ ಮೊದಲನೆಯದಕ್ಕೆ ‘ಮನನ’ ಅಥವಾ ಸುಮ್ನೆ ‘ಮೆಲುಕು’ ಸಾಕು. ಎರಡನೆಯದಕ್ಕೆ ‘ನಿದಿಧ್ಯಾಸನ’ ಅಂದರೆ ವೇದಾಂತದ ಅರ್ಥ ಜೊತೆಗೇ ಬರುತ್ತದೆ, ಯುವಕರಿಗೆ ಕಷ್ಟವೂ ಹೌದು. ‘ಮೌನಧ್ಯಾನ’ ಬಾಯಿ ಮುಚ್ಚಿದ್ದನ್ನಷ್ಟೇ ಹೇಳುತ್ತದೆ. ಇಗ್ನೇಷಿಯಸರದ್ದು ಮತ್ತೊಂದು ಬಗೆ. ಅವರಲ್ಲಿ ಕಾಂಟೆಂಪ್ಲಾಸಿಯೊ ಅನ್ನುವುದಕ್ಕೆ ಸುವಾರ್ತೆಯ ಘಟನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಅಲ್ಲಿರುವವರನ್ನು ನೋಡುತ್ತಾ, ಅವರ ಮಾತು ಕೇಳುತ್ತಾ ಕೂರುವುದು ಅನ್ನುವ ಅರ್ಥ ಇದೆ. ಅದಕ್ಕೆ ‘ಒಳನೋಟ’ ಅನ್ನೋಣ ಅಂದರೆ ಆ ಪದ ಈಗಾಗಲೇ ವಿಮರ್ಶೆಯವರ ಕೈಯಲ್ಲಿದೆ.

ನನಗೆ ಬೇಕಾದದ್ದು ಇಷ್ಟು. ನಿಮ್ಮ ಚರ್ಚಿನಲ್ಲಿ ಪಾಪನಿವೇದನೆಗೆ ಮುಂಚಿನ ಈ ಸಿದ್ಧತೆಗೆ ಹಿರಿಯರು ಏನು ಅನ್ನುತ್ತಿದ್ದರು? ಮಂಗಳೂರು ಕಡೆಯವರು ಕೊಂಕಣಿಯ ಪದವನ್ನೂ ಬರೆಯಿರಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪ್ರಭು ಭೋಜನಕ್ಕೆ ಮುಂಚೆ ತಮ್ಮನ್ನು ಪರೀಕ್ಷಿಸಿಕೊಳ್ಳಲು ಹೇಳುತ್ತಾರಲ್ಲ, ಅದಕ್ಕೆ ಬೇರೆ ಹೆಸರಿದೆಯೇ? ಹಳೆಯ ಜಪದ ಪುಸ್ತಕ ಮನೆಯಲ್ಲಿದ್ದರೆ ಆ ಪುಟದ ತಲೆಬರಹವನ್ನು ಇದ್ದ ಹಾಗೆಯೇ ಬರೆದು ಕಳಿಸಿ.