ಬಿಸಿಲಿನ ಯುವಿಗೆ ಸಮುದ್ರದ ಮರಿಜೀವಿಗಳು ಸಾಯುವುದಿಲ್ಲವೇ?

ಪ್ರಶ್ನೆ (ಕಾಫಿ ಬೆಳೆಗಾರ, ಮೂಡಿಗೆರೆ): ನಮಸ್ಕಾರ ಮೇಡಂ. ನಮ್ಮ ನೀರಿನ ಫಿಲ್ಟರಿನಲ್ಲಿ ಯುವಿ (ನೇರಳಾತೀತ ಕಿರಣ) ದೀಪ ಇದೆ. ನೀರು ಹರಿದು ಹೋಗುವಷ್ಟರಲ್ಲೇ ಕ್ರಿಮಿ ಸಾಯುತ್ತವಂತೆ. ಬಿಸಿಲಿನಲ್ಲೂ ಯುವಿ ಇದೆ ಅಲ್ವಾ? ಹಾಗಾದರೆ ಸಮುದ್ರದಲ್ಲಿ ಮೇಲೆಯೇ ತೇಲುವ ಸೀಗಡಿ ಮರಿ, ಮೀನಿನ ಮೊಟ್ಟೆ ಹೇಗೆ ಉಳಿಯುತ್ತವೆ? ಮಗಳು ಕೇಳಿದ್ದಾಳೆ.

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹಾಸನ): ಮಗಳ ಪ್ರಶ್ನೆ ಚೆನ್ನಾಗಿದೆ ಸರ್. ಯುವಿಯಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ಫಿಲ್ಟರಿನ ದೀಪದ್ದು ಸಾಮಾನ್ಯವಾಗಿ 254 ನ್ಯಾನೋಮೀಟರ್ ತರಂಗಾಂತರದ ಯುವಿ-ಸಿ. ಸೂರ್ಯನ ಯುವಿ-ಸಿ ನೆಲದವರೆಗೆ ಬರುವುದೇ ಇಲ್ಲ, ವಾತಾವರಣ ತಡೆಯುತ್ತದೆ. ಓಝೋನಿನಿಂದ ತಪ್ಪಿಸಿಕೊಂಡು ಬರುವ ಸ್ವಲ್ಪ ಯುವಿ-ಬಿಯೇ ತೊಂದರೆ ಕೊಡುವುದು.

ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಎರಡು ಥೈಮಿನ್ (ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ಇದ್ದರೆ ಯುವಿ-ಬಿ ಅವನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಹಲ್ಲು ಕಚ್ಚಿಕೊಂಡ ಜಿಪ್ಪಿನ ಹಾಗೆ, ನಕಲು ಮಾಡುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಮೊಟ್ಟೆ, ಮರಿಗಳಲ್ಲಿ ಕೋಶಗಳು ಬೇಗ ಬೇಗ ಒಡೆದು ಎರಡಾಗುತ್ತಿರುತ್ತವೆ, ರಿಪೇರಿಗೆ ಬಿಡುವು ಕಡಿಮೆ. ಮೈಯೂ ತೆಳು, ಪಾರದರ್ಶಕ. ಹಾಗಾಗಿ ಪೆಟ್ಟು ಜಾಸ್ತಿ. ಎಲ್ಲವೂ ಸಾಯುವುದಿಲ್ಲ. ಕಡಲ ಅರ್ಚಿನ್‌ನ (ಮೈತುಂಬ ಮುಳ್ಳಿರುವ ಕಡಲ ಜೀವಿ) ಭ್ರೂಣದಲ್ಲಿ ಕೋಶ ಒಡೆಯುವುದು ತಡವಾಗುತ್ತದೆ, ಕೆಲವು ಮರಿಗಳು ಸೊಟ್ಟಗೆ ಬೆಳೆಯುತ್ತವೆ.

ಉಳಿಯುವ ದಾರಿ ಮೂರು. ಸೀಗಡಿಯ ಹಾಗಿರುವ ಕ್ರಿಲ್, ಅದಕ್ಕಿಂತ ಪುಟ್ಟ ಕೋಪೆಪಾಡ್‌ಗಳಲ್ಲಿ ಬಹಳಷ್ಟು ಹಗಲು ಆಳಕ್ಕೆ ಇಳಿದು ರಾತ್ರಿ ಮೇಲೆ ಬರುತ್ತವೆ (ಮೀನಿನ ಬಾಯಿ ತಪ್ಪಿಸಿಕೊಳ್ಳುವುದೇ ಮುಖ್ಯ ಕಾರಣ, ಇದು ಜೊತೆಗಿನ ಲಾಭ). ಪಾಚಿ ತಿಂದು ಅದರಲ್ಲಿರುವ ಯುವಿ ಹೀರುವ ವಸ್ತುವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಮೂರನೆಯದು ಫೋಟೋಲೈಯೇಸ್ ಎಂಬ ಕಿಣ್ವ. ಇದು ಯುವಿ-ಎ ಮತ್ತು ನೀಲಿ ಬೆಳಕಿನ ಶಕ್ತಿಯಿಂದ ಆ ಅಂಟು ಬಿಡಿಸುತ್ತದೆ. ಕೆಡಿಸಿದ ಬಿಸಿಲೇ ರಿಪೇರಿಗೂ ಬೇಕು! ಕಾಂಗರೂಗೆ ಈ ಕಿಣ್ವ ಇದೆ, ನಮಗಿಲ್ಲ. ನಾವು ಕೆಟ್ಟ ತುಂಡನ್ನು ಕತ್ತರಿಸಿ ಹೊಸದು ಕಟ್ಟುವ ನಿಧಾನದ ದಾರಿ ಹಿಡಿಯಬೇಕು. ಡಿಎನ್‌ಎ ರಿಪೇರಿಯ ಸಂಶೋಧನೆಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅಜೀಜ್ ಸಂಜಾರ್ ಫೋಟೋಲೈಯೇಸ್ ಮೇಲೂ ಕೆಲಸ ಮಾಡಿದವರು.

ಮರುಪ್ರಶ್ನೆ: ಓಝೋನ್ ತೆಳುವಾದರೆ ರಿಪೇರಿ ಬೆಳಕೂ ಜಾಸ್ತಿ ಆಗುತ್ತದಲ್ವಾ ಮೇಡಂ?

ಉತ್ತರ: ಇಲ್ಲ ಸರ್, ಅಲ್ಲೇ ಇರುವುದು ಸಮಸ್ಯೆ. ಓಝೋನ್ ತಡೆಯುವುದು ಮುಖ್ಯವಾಗಿ ಯುವಿ-ಬಿಯನ್ನು. ಅದು ತೆಳುವಾದರೆ ಹಾನಿ ಏರುತ್ತದೆ, ನೀಲಿ ಬೆಳಕು ಇದ್ದಷ್ಟೇ ಇರುತ್ತದೆ. 1985ರಲ್ಲಿ ಅಂಟಾರ್ಕ್ಟಿಕಾದ ಓಝೋನ್ ರಂಧ್ರದ ಸುದ್ದಿ ಬಂದಾಗ ಅಲ್ಲಿನ ಕ್ರಿಲ್ ಬಗ್ಗೆ ಆತಂಕ ಹುಟ್ಟಿದ್ದು ಸುಮ್ನೆ ಅಲ್ಲ.

ಇನ್ನೊಬ್ಬರು (ಬಿ.ಎಸ್ಸಿ ವಿದ್ಯಾರ್ಥಿನಿ, ಚಿಕ್ಕಮಗಳೂರು): ನಮ್ಮ ಹಿರೇಕೊಳಲೆ ಕೆರೆಯ ಸಣ್ಣ ಜೀವಿಗಳಿಗೂ ಹೀಗೇನಾ?

ಉತ್ತರ: ಪೆಟ್ಟು ಅದೇ ಬಗೆಯದಮ್ಮಾ, ಆದರೆ ಎಷ್ಟು ಎನ್ನುವುದು ನೀರು ಎಷ್ಟು ತಿಳಿಯಾಗಿದೆ ಎಂಬುದರ ಮೇಲೆ ಹೋಗುತ್ತದೆ. ತಿಳಿಯಾದ ಕಡಲಿನಲ್ಲಿ ಯುವಿ-ಬಿ ಹತ್ತಾರು ಅಡಿ ಇಳಿಯುತ್ತದೆ. ತರಗೆಲೆ ಕೊಳೆತು ಕಂದಾದ ನೀರಿನಲ್ಲಿ ಒಂದೆರಡು ಅಡಿಯೊಳಗೇ ಹೆಚ್ಚುಕಡಿಮೆ ಮುಗಿಯುತ್ತದೆ.