ಅಪ್‌ಡೇಟ್: ಟಿವಿ ಫೋಟೊದಲ್ಲಿ ತಲೆಕೆಳಗಾಗಿದ್ದ ಚಂದ್ರ
ಚಿಕ್ಕವಳಿದ್ದಾಗ ಅಮೆರಿಕದಲ್ಲಿದ್ದೆವು. 1969ರ ಜುಲೈ 20ರ ರಾತ್ರಿ ಅಪ್ಪನ ಕ್ಯಾಮೆರಾದಲ್ಲಿ ಟಿವಿ ಪರದೆಯ ಫೋಟೊ ತೆಗೆದಿದ್ದೆ, ಒಂದರಲ್ಲಿ ಚಿತ್ರ ತಲೆಕೆಳಗಾಗಿದೆ, ಉಳಿದವುಗಳಲ್ಲಿ ಕಪ್ಪು ಪಟ್ಟಿ ಇದೆ, ಯಾಕೆ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ನೆಗೆಟಿವ್ ಉಲ್ಟಾ ಆಗಿರಬೇಕು ಅನ್ನುವುದು ಹೊಂದಲಿಲ್ಲ, ಆ ಫೋಟೊದಲ್ಲಿ ಟಿವಿಯ ಗುಂಡಿಗಳು ಸರಿಯಾಗೇ ಇವೆ. ಮನುಷ್ಯ ಮೊದಲು ಚಂದ್ರನ ಮೇಲಿಳಿದ ಅಪೊಲೊ 11ರ ಪ್ರಸಾರವನ್ನೇ ನೋಡಿ ಅಂದವರ ಮಾತೇ ನಿಜ! ನೌಕೆಯಲ್ಲಿ ಕ್ಯಾಮೆರಾವನ್ನು ತಲೆಕೆಳಗಾಗಿ ಕೂರಿಸಿದ್ದರಂತೆ, ಭೂಮಿಯಲ್ಲಿ ಚಿತ್ರ ತಿರುಗಿಸಬೇಕಿತ್ತು. ಸಿಗ್ನಲ್ ಹಿಡಿಯುತ್ತಿದ್ದ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಕೇಂದ್ರದಿಂದ ಬಂದ ಮೊದಲ ಕೆಲವು ಸೆಕೆಂಡು ಹಾಗೇ ಪ್ರಸಾರವಾಯಿತು. ನಾನು ಕ್ಲಿಕ್ ಮಾಡಿದ್ದು ಅದೇ ಹೊತ್ತಿಗೆ, ಎಷ್ಟು ಖುಷಿಯಾಯಿತು ಗೊತ್ತಾ! ಕಪ್ಪು ಪಟ್ಟಿಗೆ ಕಾರಣ ಕ್ಯಾಮೆರಾದ ಶಟರ್ ವೇಗ. ಅಲ್ಲಿನ ಆಗಿನ ಟಿವಿಗೆ ಒಂದು ಪೂರ್ತಿ ಚಿತ್ರ ಮೂಡಿಸಲು ಸೆಕೆಂಡಿನ 1/30 ಭಾಗ ಬೇಕಿತ್ತು, ಶಟರ್ ಅದಕ್ಕಿಂತ ಬೇಗ ಮುಚ್ಚಿದರೆ ಪಟ್ಟಿ ಬೀಳುತ್ತಿತ್ತು. ಸ್ಕ್ಯಾನ್‌ನಲ್ಲಿ ಬೆಳಕು ಜಾಸ್ತಿ ಮಾಡಿದರೂ ಪಟ್ಟಿಯ ಜಾಗದಲ್ಲಿ ಏನೂ ಕಾಣಲಿಲ್ಲ.